ಮ್ಯಾನ್‌ಹ್ಯಾಟನ್ ಚೈನಾಟೌನ್: ಕಡಿಮೆ ಖರ್ಚಿನಲ್ಲಿ ಹೊಟ್ಟೆ ತುಂಬ ಚೀನೀ ಊಟ

ನ್ಯೂಯಾರ್ಕ್ ನೋಡಲು ಬರುವ ಕನ್ನಡಿಗರಲ್ಲಿ ಹೆಚ್ಚಿನವರು ಊಟದ ವಿಷಯದಲ್ಲಿ ಎರಡರಲ್ಲಿ ಒಂದು ಮಾಡುತ್ತಾರೆ. ನ್ಯೂಜೆರ್ಸಿಯ ಮಗಳ ಮನೆಯಿಂದ ಚಪಾತಿ, ಚಿತ್ರಾನ್ನ ಕಟ್ಟಿಕೊಂಡು ಬರುತ್ತಾರೆ. ಇಲ್ಲವೇ ಟೈಮ್ಸ್ ಸ್ಕ್ವೇರ್ ಸುತ್ತಮುತ್ತ ಸಿಕ್ಕಿದ್ದಕ್ಕೆ ದುಪ್ಪಟ್ಟು ದುಡ್ಡು ತೆತ್ತು, ಅರ್ಧ ಹೊಟ್ಟೆಯಲ್ಲಿ ಎದ್ದು ಬರುತ್ತಾರೆ. ಇದೇ ಮ್ಯಾನ್‌ಹ್ಯಾಟನ್‌ನ ದಕ್ಷಿಣ ತುದಿಯಲ್ಲಿ, ವಾಲ್ ಸ್ಟ್ರೀಟ್ ಮತ್ತು ಬ್ರೂಕ್ಲಿನ್ ಸೇತುವೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಚೈನಾಟೌನ್ ಇದೆ. ಅಲ್ಲಿ 15 ಡಾಲರ್ ಮೀರದೆ ಬಿಸಿಬಿಸಿ ಊಟ ಮಾಡಿ, ಮೇಲೊಂದು ಸಿಹಿಯನ್ನೂ ತಿಂದು ಬರಬಹುದು. ಸಸ್ಯಾಹಾರಿಗಳಿಗೂ ದಾರಿ ಇದೆ, ಆದರೆ ಸ್ವಲ್ಪ ಸಿದ್ಧತೆ ಬೇಕು.

ಶುರುವಿನಲ್ಲೇ ಒಂದು ಮಾತು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದನ್ನೇ ಅವಲಂಬಿಸಿದೆ. ಚೈನಾಟೌನ್‌ನಲ್ಲಿ ಅಗ್ಗವಾಗಿರುವುದು ಪ್ರವಾಸಿಗರಿಗೆಂದು ಮಾಡಿದ ಅಡುಗೆಯಲ್ಲ, ಆ ಬೀದಿಗಳಲ್ಲಿ ದುಡಿಯುವವರಿಗೆಂದು ಮಾಡಿದ ಅಡುಗೆ. ಅವರು ಯಾವ ಹೊತ್ತಿಗೆ ತಿನ್ನುತ್ತಾರೆ, ಯಾವ ಅಂಗಡಿಯಲ್ಲಿ ನಿಲ್ಲುತ್ತಾರೆ, ಏನು ಕೊಳ್ಳುತ್ತಾರೆ ಎಂದು ನೋಡಿ ಹಾಗೆಯೇ ಮಾಡಿದರೆ ನಿಮ್ಮ ಜೇಬಿಗೂ ಹೊಟ್ಟೆಗೂ ನ್ಯಾಯ ಸಿಗುತ್ತದೆ.

ಮೊದಲು ಬೀದಿಗಳನ್ನು ಎರಡು ಭಾಗ ಮಾಡಿಕೊಳ್ಳಿ

ಬಾವರಿ ಎಂಬ ಅಗಲ ರಸ್ತೆ ಚೈನಾಟೌನ್ ಅನ್ನು ಸರಿಸುಮಾರು ಎರಡು ಹೋಳು ಮಾಡುತ್ತದೆ. ಈ ಎರಡು ಹೋಳುಗಳಲ್ಲಿ ಸಿಗುವ ತಿಂಡಿ ಬೇರೆ, ದರವೂ ಬೇರೆ. ಕಾರಣ ಚರಿತ್ರೆಯಲ್ಲಿದೆ.

ಬಾವರಿಯ ಪಶ್ಚಿಮಕ್ಕಿರುವ ಮಾಟ್, ಪೆಲ್, ಬೇಯರ್ಡ್, ಡೋಯರ್ಸ್ ಬೀದಿಗಳು ಹಳೆಯವು. ದಕ್ಷಿಣ ಚೀನಾದ ಕ್ಯಾಂಟನೀಸ್ ಸೀಮೆಯಿಂದ ಬಂದವರು ಹತ್ತೊಂಬತ್ತನೆಯ ಶತಮಾನದಲ್ಲೇ ಇಲ್ಲಿ ನೆಲೆಸಿದರು. 1882ರ ಕಾನೂನು ಚೀನೀ ಕೂಲಿಕಾರರು ಅಮೆರಿಕಕ್ಕೆ ಬರುವುದನ್ನೇ ನಿಷೇಧಿಸಿತು, ಅದು ರದ್ದಾದದ್ದು 1943ರಲ್ಲಿ. ವ್ಯಾಪಾರಿಗಳಿಗೆ ಮಾತ್ರ ಸ್ವಲ್ಪ ಅವಕಾಶವಿತ್ತು. 1915ರ ಒಂದು ನ್ಯಾಯಾಲಯದ ತೀರ್ಪಿನ ನಂತರ ರೆಸ್ಟೋರೆಂಟ್ ಮಾಲೀಕರನ್ನೂ ವ್ಯಾಪಾರಿಗಳೆಂದು ಪರಿಗಣಿಸತೊಡಗಿದರು. ಅಮೆರಿಕದ ಊರೂರಿನಲ್ಲಿ ಚೀನೀ ಹೋಟೆಲುಗಳು ಹೆಚ್ಚಲು ಇದೂ ಒಂದು ಕಾರಣ. ಡೋಯರ್ಸ್ ಬೀದಿಯ ನಾಮ್ ವಾ ಟೀ ಪಾರ್ಲರ್ 1920ರಿಂದ, ಮಾಟ್ ಬೀದಿಯ ನೆಲಮಾಳಿಗೆಯ ವೋ ಹಾಪ್ 1938ರಿಂದ ನಡೆಯುತ್ತಿವೆ. ಹುರಿದ ಬಾತುಕೋಳಿ, ಅನ್ನದ ತಟ್ಟೆ, ಡಿಮ್ ಸಮ್ (ಪುಟ್ಟ ಪುಟ್ಟ ತಟ್ಟೆಗಳಲ್ಲಿ ಹಂಚಿಕೊಂಡು ತಿನ್ನುವ ಬಗೆಬಗೆಯ ತಿಂಡಿ), ಬೇಕರಿ ಬನ್ನು, ಇವೆಲ್ಲ ಈ ಭಾಗದ ತಿಂಡಿಗಳು.

ಬಾವರಿಯ ಪೂರ್ವಕ್ಕಿರುವ ಎಲ್ಡ್ರಿಜ್, ಫಾರ್ಸೈತ್, ಡಿವಿಷನ್, ಈಸ್ಟ್ ಬ್ರಾಡ್‌ವೇ ಬೀದಿಗಳದ್ದು ಬೇರೆಯೇ ಬಣ್ಣ. 1980ರ ದಶಕದಿಂದ ಫೂಜಿಯಾನ್ ಪ್ರಾಂತದ ಫೂಚೋ ಕಡೆಯವರು ಇಲ್ಲಿಗೆ ಬಂದು ತುಂಬಿಕೊಂಡರು. ಮ್ಯಾನ್‌ಹ್ಯಾಟನ್ ಸೇತುವೆಯ ಅಡಿಯಲ್ಲಿ ಉದ್ಯೋಗ ಕೊಡಿಸುವ ಏಜೆನ್ಸಿಗಳು ನಡೆಯುತ್ತಿದ್ದವು. ಅಲ್ಲಿ ಕೆಲಸ ಹಿಡಿದವರು ಪಕ್ಕದಿಂದಲೇ ಹೊರಡುವ ಬಸ್ಸು ಹತ್ತಿ ದೂರದ ರಾಜ್ಯಗಳ ಚೀನೀ ಹೋಟೆಲುಗಳ ಅಡುಗೆಮನೆಗೆ ಹೋಗುತ್ತಿದ್ದರು. ಬಸ್ಸು ಹೊರಡುವ ಮುನ್ನ ಐದೇ ನಿಮಿಷದಲ್ಲಿ ಬಟ್ಟಲು ಖಾಲಿ ಮಾಡಬೇಕಾದವರ ಊಟ ಹೇಗಿರಬೇಕೋ ಈ ಭಾಗದ ಊಟ ಹಾಗಿದೆ: ಶೇಂಗಾ ಸಾಸಿನ ನೂಡಲ್ಸ್, ಮೀನುಂಡೆಯ ಸಾರು, ಕೈಯಲ್ಲಿ ಎಳೆದ ನೂಡಲ್ಸ್, ಹೂರಣ ತುಂಬಿದ ಪುಟ್ಟ ಕಡುಬಿನಂತಹ ಡಂಪ್ಲಿಂಗ್. ನನ್ನ ಲೆಕ್ಕದಲ್ಲಿ ಕಡಿಮೆ ಖರ್ಚಿನ ಊಟಕ್ಕೆ ಪೂರ್ವ ಭಾಗವೇ ಮೇಲು. ಆದ್ದರಿಂದ ಅಲ್ಲಿಂದಲೇ ಶುರು ಮಾಡಿ.

ಕೆನಾಲ್ ಸ್ಟ್ರೀಟ್ ಬಿಟ್ಟು ಗ್ರ್ಯಾಂಡ್ ಸ್ಟ್ರೀಟ್‌ನಲ್ಲಿ ಇಳಿಯಿರಿ

ಎಲ್ಲರೂ ಸಬ್‌ವೇ ರೈಲಿನ ಕೆನಾಲ್ ಸ್ಟ್ರೀಟ್ ನಿಲ್ದಾಣದಲ್ಲಿ ಇಳಿಯುತ್ತಾರೆ. ಮೇಲೆ ಹತ್ತಿ ಬಂದ ಕೂಡಲೇ ನಕಲಿ ಕೈಚೀಲ, ಕೈಗಡಿಯಾರ ಮಾರುವವರ ಗದ್ದಲ ಎದುರಾಗುತ್ತದೆ, ಊಟದ ಜಾಡು ತಪ್ಪುತ್ತದೆ. ಡಿ ರೈಲು ಹಿಡಿದು ಗ್ರ್ಯಾಂಡ್ ಸ್ಟ್ರೀಟ್‌ನಲ್ಲಿ ಇಳಿದರೆ ನೇರವಾಗಿ ತರಕಾರಿ ಅಂಗಡಿ, ಮೀನಂಗಡಿಗಳ ನಡುವೆ ಎದ್ದು ಬರುತ್ತೀರಿ. ಬಿ ರೈಲೂ ಇಲ್ಲಿ ನಿಲ್ಲುತ್ತದೆ, ಆದರೆ ಅದು ಶನಿವಾರ, ಭಾನುವಾರ ಓಡುವುದಿಲ್ಲ. ನ್ಯೂಜೆರ್ಸಿಯಿಂದ ಪಾತ್ ರೈಲಿನಲ್ಲಿ 33ನೇ ಬೀದಿಗೆ ಬರುವವರು ಅಲ್ಲೇ ಪಕ್ಕದ 34ನೇ ಬೀದಿಯ ಹೆರಾಲ್ಡ್ ಸ್ಕ್ವೇರ್ ನಿಲ್ದಾಣದಲ್ಲಿ ದಕ್ಷಿಣದ ಕಡೆಗೆ ಹೋಗುವ ಡಿ ರೈಲು ಹತ್ತಬಹುದು. ಅಲ್ಲಿಂದ ಗ್ರ್ಯಾಂಡ್ ಸ್ಟ್ರೀಟ್ ಮೂರನೆಯ ನಿಲ್ದಾಣ.

ಇಳಿದು ಪೂರ್ವಕ್ಕೆ ಹೆಜ್ಜೆ ಹಾಕಿದರೆ ಫಾರ್ಸೈತ್, ಅದರ ನಂತರ ಎಲ್ಡ್ರಿಜ್. ಡಂಪ್ಲಿಂಗ್ ಅಂಗಡಿಗಳು, ನೂಡಲ್ಸ್ ಅಂಗಡಿಗಳು ಈ ಸುತ್ತಿನಲ್ಲೇ ಇವೆ.

ಹೊತ್ತು ನೋಡಿ ಹೋಗಿ

ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಬೇಕರಿ ಮತ್ತು ರೈಸ್ ರೋಲ್ ಗಾಡಿಗಳ ಹೊತ್ತು. ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗೆ, ವಾರದ ದಿನಗಳಲ್ಲಿ, ಹಲವು ಹೋಟೆಲುಗಳಲ್ಲಿ ಮಧ್ಯಾಹ್ನದ ವಿಶೇಷ ದರವಿರುತ್ತದೆ. ಅದೇ ಪಲ್ಯ, ಅದೇ ಅನ್ನ ರಾತ್ರಿಗೆ ಹೋದರೆ ದುಬಾರಿಯಾಗುತ್ತದೆ. ಕೆಲವು ಕಡೆ ಈ ದರದ ಪಟ್ಟಿ ಪ್ರತ್ಯೇಕವಾಗಿರುತ್ತದೆ, ಕೇಳಿದವರಿಗಷ್ಟೇ ತಂದು ಕೊಡುತ್ತಾರೆ. ಕೇಳಲು ಸಂಕೋಚ ಬೇಡ. ಶನಿವಾರ, ಭಾನುವಾರ ಮಧ್ಯಾಹ್ನ ಸಾಲು ಉದ್ದ, ವಿಶೇಷ ದರವೂ ಇರುವುದಿಲ್ಲ. ಸಾಧ್ಯವಿದ್ದರೆ ವಾರದ ನಡುವೆ ಹೋಗಿ.

ದರದ ಜೊತೆ ತೆರಿಗೆ, ಟಿಪ್ಸ್ ಕೂಡಿಸಿ ನೋಡಿ

ಭಾರತದಿಂದ ಹೊಸದಾಗಿ ಬಂದವರು ಎಡವುವುದು ಇಲ್ಲಿ. ಪಟ್ಟಿಯಲ್ಲಿ 12 ಡಾಲರ್ ಎಂದಿದ್ದರೆ ನೀವು ಕೊಡುವುದು 12 ಅಲ್ಲ. ನ್ಯೂಯಾರ್ಕ್ ನಗರದ ಮಾರಾಟ ತೆರಿಗೆ ಶೇ. 8.875. ಕುಳಿತು ಊಟ ಮಾಡಿದರೆ ಬಡಿಸಿದವರಿಗೆ ಶೇ. 15ರಿಂದ 20ರಷ್ಟು ಟಿಪ್ಸ್ ಕೊಡುವುದು ಇಲ್ಲಿನ ರೂಢಿ. ಶೇ. 18 ಎಂದು ಹಿಡಿದರೂ ಆ 12 ಡಾಲರ್ ಊಟ 15 ಡಾಲರ್ ದಾಟುತ್ತದೆ. ಅದನ್ನೇ ಕೌಂಟರಿನಲ್ಲಿ ಕಟ್ಟಿಸಿಕೊಂಡು ಹೊರಟರೆ ಸುಮಾರು 13 ಡಾಲರಿಗೆ ಮುಗಿಯುತ್ತದೆ.

ಬಡಿಸಿಸಿಕೊಂಡು ತಿಂದ ಮೇಲೆ ಟಿಪ್ಸ್ ಉಳಿಸಲು ಹೋಗಬೇಡಿ. ಆ ಹಣವೇ ಅವರ ಸಂಬಳದ ದೊಡ್ಡ ಪಾಲು. ಉಳಿಸಬೇಕೆಂದಿದ್ದರೆ ಕೌಂಟರಿನಲ್ಲಿ ಕೊಟ್ಟು, ಕೌಂಟರಿನಲ್ಲೇ ತೆಗೆದುಕೊಳ್ಳುವ ಅಂಗಡಿಗಳನ್ನು ಆರಿಸಿ. ಬಿಲ್ಲನ್ನು ಒಮ್ಮೆ ಓದುವುದೂ ಒಳ್ಳೆಯದು. ಕೆಲವು ಹೋಟೆಲುಗಳು, ಅದರಲ್ಲೂ ದೊಡ್ಡ ಗುಂಪು ಹೋದಾಗ, ಟಿಪ್ಸ್ ಅನ್ನು ತಾವೇ ಸೇರಿಸಿರುತ್ತವೆ. ಗಮನಿಸದೆ ಎರಡು ಸಲ ಕೊಡುವವರಿದ್ದಾರೆ.

ಜೇಬಿನಲ್ಲಿ ನಗದು ಇರಲಿ, ಅದೂ ಒಂದು, ಐದು, ಹತ್ತರ ನೋಟುಗಳಲ್ಲಿ. ಇಲ್ಲಿನ ಸಣ್ಣ ಅಂಗಡಿಗಳಲ್ಲಿ ಹಲವು ನಗದು ಮಾತ್ರ ತೆಗೆದುಕೊಳ್ಳುತ್ತವೆ, ಇನ್ನು ಕೆಲವು ಇಷ್ಟು ಡಾಲರಿಗಿಂತ ಮೇಲಿದ್ದರೆ ಮಾತ್ರ ಕಾರ್ಡ್ ಎನ್ನುತ್ತವೆ. ರಸ್ತೆಬದಿಯ ಎಟಿಎಂ ಯಂತ್ರಗಳು ಶುಲ್ಕ ಹಾಕುತ್ತವೆ. ಹಾಗಾಗಿ ನಿಮ್ಮ ಬ್ಯಾಂಕಿನಿಂದ ಮೊದಲೇ ತೆಗೆದಿಟ್ಟುಕೊಳ್ಳಿ.

ಕಿಟಕಿಗೆ ಅಂಟಿಸಿದ ದೊಡ್ಡ ಅಕ್ಷರವನ್ನೂ ನೋಡಿ. 2010ರಿಂದ ನಗರದ ಆರೋಗ್ಯ ಇಲಾಖೆ ಪ್ರತಿ ಹೋಟೆಲಿಗೂ ನೈರ್ಮಲ್ಯದ ಶ್ರೇಣಿ ಕೊಡುತ್ತದೆ. ತಪಾಸಣೆಯಲ್ಲಿ 13 ಅಂಕದವರೆಗೆ ಎ, 14ರಿಂದ 27ರವರೆಗೆ ಬಿ, ಅದಕ್ಕಿಂತ ಮೇಲಾದರೆ ಸಿ. ಇಲ್ಲಿ ಅಂಕ ಹೆಚ್ಚಾದಷ್ಟೂ ತಪ್ಪು ಹೆಚ್ಚು. ಬಿ ಇದ್ದ ಮಾತ್ರಕ್ಕೆ ನಾನು ಹಿಂದೆ ಸರಿಯುವುದಿಲ್ಲ, ಸಿ ಕಂಡರೆ ಮುಂದಿನ ಅಂಗಡಿಗೆ ಹೋಗುತ್ತೇನೆ.

ಬೆಳಗಿನ ತಿಂಡಿ: ರೈಸ್ ರೋಲ್

ಚೈನಾಟೌನ್‌ನಲ್ಲಿ ಒಂದೇ ಒಂದು ತಿಂಡಿ ತಿನ್ನಲು ಸಮಯವಿದೆ ಎಂದರೆ ನಾನು ಇದನ್ನು ತಿನ್ನಿ ಎನ್ನುತ್ತೇನೆ. ಕ್ಯಾಂಟನೀಸರು ಚೋಂಗ್ ಫನ್ ಎನ್ನುತ್ತಾರೆ, ಫಲಕಗಳಲ್ಲಿ ರೈಸ್ ರೋಲ್ ಎಂದಿರುತ್ತದೆ. ಗಾಡಿಯ ಮುಂದೆ ನಿಂತು ಮಾಡುವುದನ್ನು ನೋಡಿ. ಉಗಿ ಪೆಟ್ಟಿಗೆಯಿಂದ ಡ್ರಾಯರಿನಂತಹ ತಟ್ಟೆ ಹೊರಗೆಳೆದು, ತೆಳುವಾದ ಅಕ್ಕಿ ಹಿಟ್ಟನ್ನು ಒಂದು ಸೌಟು ಹೊಯ್ದು, ತಟ್ಟೆಯನ್ನು ಓರೆ ಮಾಡಿ ಹಿಟ್ಟು ಮೂಲೆಮೂಲೆಗೆ ಹರಿಯುವಂತೆ ಮಾಡಿ ಒಳಗೆ ತಳ್ಳುತ್ತಾರೆ. ಒಂದೆರಡು ನಿಮಿಷದಲ್ಲಿ ಹಾಳೆ ಬೆಂದು, ಅಲ್ಲಲ್ಲಿ ಗುಳ್ಳೆ ಎದ್ದು ಹೊಳೆಯುತ್ತದೆ. ಚಪ್ಪಟೆ ಸಲಾಕೆಯಿಂದ ಒಂದು ಬದಿಯಿಂದ ಕೆರೆಯುತ್ತ ಬಂದರೆ ಹಾಳೆ ತಾನೇ ಮಡಿಕೆ ಮಡಿಕೆಯಾಗಿ ಒಟ್ಟಾಗುತ್ತದೆ. ಕತ್ತರಿಯಿಂದ ತುಂಡು ಮಾಡಿ, ಸಿಹಿ ಸೇರಿಸಿದ ಸೋಯಾ ಸಾಸ್, ಶೇಂಗಾ ಸಾಸ್, ಹುರಿದ ಎಳ್ಳು ಹಾಕಿ ಡಬ್ಬಿಯಲ್ಲಿ ಕೊಡುತ್ತಾರೆ. ನೀರುದೋಸೆಯನ್ನು ಕಾವಲಿಯ ಬದಲು ಹಬೆಯಲ್ಲಿ ಬೇಯಿಸಿದರೆ ಹೇಗಿರಬಹುದೋ ಇದು ಹಾಗೆ. ಮಂಗಳೂರು ಕಡೆಯವರಿಗೆ ಮೊದಲ ತುತ್ತಿಗೇ ಒಗ್ಗುತ್ತದೆ.

ಸಸ್ಯಾಹಾರಿಗಳು ಏನೂ ತುಂಬದ ಸಾದಾ ರೋಲ್ ಕೇಳಬೇಕು, ಒಣ ಸಿಗಡಿ ಬೇಡ ಎಂದು ಮೊದಲೇ ಹೇಳಬೇಕು. ಕೆಲವರು ಒಣ ಸಿಗಡಿಯ ಚೂರನ್ನು ಹಿಟ್ಟಿನ ಮೇಲೆಯೇ ಉದುರಿಸುತ್ತಾರೆ. ಸಾಲಿನಲ್ಲಿ ನಿಮಗಿಂತ ಮುಂದಿರುವ ಗಿರಾಕಿಗೆ ಮಾಡುವುದನ್ನು ನೋಡಿದರೆ ನಿಮಗೇ ತಿಳಿಯುತ್ತದೆ.

ಬೇಕರಿಗಳದ್ದು ಇನ್ನೊಂದು ಲೋಕ. ಬೇಯರ್ಡ್ ಬೀದಿಯ ಮೇ ಲಾಯ್ ವಾ ಹಂದಿಮಾಂಸದ ಬನ್ನಿಗೆ ಹೆಸರುವಾಸಿ, ಸಾಲೂ ಹಾಗೆಯೇ ಇರುತ್ತದೆ. ಸಾಲು ನೋಡಿ ಬೇಸರವಾದರೆ ಅಲ್ಲಿಂದ ಎರಡು ಬೀದಿ ಆಚೆಗಿನ ಹೆಸರಿಲ್ಲದ ಬೇಕರಿಯಲ್ಲೂ ಬನ್ನು ಚೆನ್ನಾಗಿಯೇ ಇರುತ್ತದೆ. ತಟ್ಟೆ, ಇಕ್ಕಳ ಹಿಡಿದು ನೀವೇ ಆರಿಸಿಕೊಳ್ಳುವ ಅಂಗಡಿಗಳಿವೆ. ಮೊಟ್ಟೆ ತಿನ್ನುವವರು ಎಗ್ ಟಾರ್ಟ್ ಬಿಡಬೇಡಿ. ಕೆಂಪು ಅಲಸಂದೆಯಂತಹ ಕಾಳಿನ ಹೂರಣ ತುಂಬಿದ ಬನ್ನು ನಮಗೆ ರುಚಿಸುತ್ತದೆ. ಆದರೆ ಪದರ ಪದರವಾದ ಪೇಸ್ಟ್ರಿಗಳಲ್ಲಿ ಹಂದಿಯ ಕೊಬ್ಬು ಇರುವ ಸಾಧ್ಯತೆ ಹೆಚ್ಚು, ಕೇಳದೆ ತೆಗೆದುಕೊಳ್ಳಬೇಡಿ.

ಮಧ್ಯಾಹ್ನ: ಬಟ್ಟಲು, ತಟ್ಟೆ, ಡಬ್ಬಿ

ಮಾಂಸಾಹಾರಿಗಳಿಗೆ ಮೂರು ದಾರಿಗಳಿವೆ, ಮೂರೂ ಅಗ್ಗವೇ.

ಕಿಟಕಿಯಲ್ಲಿ ಹೊಳೆಯುವ ಬಾತುಕೋಳಿ ನೇತುಹಾಕಿದ ಅಂಗಡಿಗೆ ಹೋಗಿ ಅನ್ನದ ಮೇಲೆ ಹುರಿದ ಬಾತುಕೋಳಿ ಅಥವಾ ಸೋಯಾ ಸಾಸಿನಲ್ಲಿ ಬೇಯಿಸಿದ ಕೋಳಿ ಕೇಳುವುದು ಒಂದು ದಾರಿ. ಬಾವರಿ ಮತ್ತು ಬೇಯರ್ಡ್ ಸೇರುವ ಮೂಲೆಯ ಗ್ರೇಟ್ ನ್ಯೂಯಾರ್ಕ್ ನೂಡಲ್‌ಟೌನ್ ಇದಕ್ಕೆ ಹಳೆಯ ಹೆಸರು. ಇಲ್ಲಿ ಪರಿಚಯವಿಲ್ಲದವರ ಜೊತೆ ಮೇಜು ಹಂಚಿಕೊಳ್ಳಬೇಕಾಗಬಹುದು. ಚಹಾ ಬಹುಪಾಲು ಉಚಿತ, ತಂಪು ಪಾನೀಯಕ್ಕೆ ದುಡ್ಡು ಹಾಕುವ ಅಗತ್ಯವಿಲ್ಲ.

ಬಿಸಿ ತಟ್ಟೆಗಳಲ್ಲಿ ಹತ್ತಿಪ್ಪತ್ತು ಬಗೆ ಸಾಲಾಗಿಟ್ಟು, ಮೂರೋ ನಾಲ್ಕೋ ಆರಿಸಿಕೊಂಡರೆ ಅನ್ನದ ಜೊತೆ ಡಬ್ಬಿ ತುಂಬಿಸಿ ಕೊಡುವ ಅಂಗಡಿಗಳು ಎರಡನೆಯ ದಾರಿ. ಜೊತೆಗೆ ಸಾರು ಕೊಡುವವರೂ ಇದ್ದಾರೆ. ಇವು ಊರಿಗೇ ಅತ್ಯಂತ ಲಾಭದ ಊಟ ಎಂಬುದು ನನ್ನ ಅಭಿಪ್ರಾಯ. 1982ರ ಬೇಸಿಗೆಯಲ್ಲಿ ಇಲ್ಲಿನ ಬಟ್ಟೆ ಕಾರ್ಖಾನೆಗಳ ಸುಮಾರು 20,000 ಕೆಲಸಗಾರರು, ಬಹುಪಾಲು ಹೆಂಗಸರು, ಮುಷ್ಕರ ಹೂಡಿ ಕೊಲಂಬಸ್ ಪಾರ್ಕಿನಲ್ಲಿ ಸೇರಿದ್ದರು. ಅಷ್ಟು ಜನ ಹೆಂಗಸರು ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದ ಊರಿನಲ್ಲಿ ಬೇಯಿಸಿದ ಪಲ್ಯ, ಬನ್ನು, ಸಾರು ಅಗ್ಗಕ್ಕೆ ಸಿಗಲೇಬೇಕಿತ್ತು. ಕಾರ್ಖಾನೆಗಳು ಈಗ ಹೆಚ್ಚುಕಡಿಮೆ ಇಲ್ಲವಾಗಿವೆ, ಡಬ್ಬಿಯ ಊಟ ಉಳಿದಿದೆ. ಅದನ್ನು ಕಟ್ಟಿಸಿಕೊಂಡು ಅದೇ ಕೊಲಂಬಸ್ ಪಾರ್ಕಿಗೆ ಹೋಗಿ ಬೆಂಚಿನ ಮೇಲೆ ಕುಳಿತು ತಿನ್ನಿ. ಸುತ್ತ ಹಿರಿಯರು ಚೀನೀ ಚದುರಂಗ ಆಡುತ್ತಿರುತ್ತಾರೆ, ಒಮ್ಮೊಮ್ಮೆ ಎರಡು ತಂತಿಯ ವಾದ್ಯ ಹಿಡಿದು ಹಾಡುವವರೂ ಇರುತ್ತಾರೆ.

ಮೂರನೆಯದು ಪೂರ್ವ ಭಾಗದ ನೂಡಲ್ಸ್. ಗ್ರ್ಯಾಂಡ್ ಸ್ಟ್ರೀಟಿನ ಶೂ ಜಿಯಾವ್ ಫೂ ಚೋ ಎಂಬ ಪುಟ್ಟ ಅಂಗಡಿಯಲ್ಲಿ ಶೇಂಗಾ ಸಾಸಿನ ನೂಡಲ್ಸ್ ಮತ್ತು ಡಂಪ್ಲಿಂಗ್ ಎರಡನ್ನೂ ತಿಂದರೂ ಹತ್ತು ಡಾಲರಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಎಲ್ಡ್ರಿಜ್ ಬೀದಿಯ ಸೂಪರ್ ಟೇಸ್ಟ್‌ನಲ್ಲಿ ಕೈಯಲ್ಲಿ ಎಳೆದ ನೂಡಲ್ಸ್ ಸಾರಿನ ದೊಡ್ಡ ಬಟ್ಟಲು ಒಬ್ಬರಿಗೆ ಹೆಚ್ಚೇ ಆಗುತ್ತದೆ. ಖಾರ ಬೇಕಾದವರಿಗೆ ಬೇಯರ್ಡ್ ಬೀದಿಯಲ್ಲಿ ಶಿಯಾನ್ ಫೇಮಸ್ ಫುಡ್ಸ್ ಇದೆ. 2005ರಲ್ಲಿ ಕ್ವೀನ್ಸ್‌ನ ಫ್ಲಶಿಂಗ್‌ನ ಒಂದು ನೆಲಮಾಳಿಗೆ ಮಾಲ್‌ನಲ್ಲಿ ಶುರುವಾದ ಅಂಗಡಿ ಈಗ ನಗರದಾದ್ಯಂತ ಹರಡಿದೆ. ಜೀರಿಗೆ, ಮೆಣಸಿನಕಾಯಿ ಹಾಕಿದ ಕುರಿಮಾಂಸದ ಅಗಲ ನೂಡಲ್ಸ್ ನಮ್ಮ ನಾಲಿಗೆಗೆ ಹತ್ತಿರ. ದರ ಸ್ವಲ್ಪ ಮೇಲೆ, ಆದರೆ ಕೌಂಟರ್ ವ್ಯವಸ್ಥೆಯಾದ್ದರಿಂದ ಬಡಿಸುವವರ ಟಿಪ್ಸ್ ಪ್ರಶ್ನೆ ಇಲ್ಲ.

ಡಿಮ್ ಸಮ್ ಮಾತ್ರ ಒಬ್ಬರೇ ಹೋಗಿ ತಿನ್ನುವಂಥದ್ದಲ್ಲ. ನಾಲ್ಕು ಜನ ಸೇರಿ ಹಂಚಿಕೊಂಡರೆ ತಲಾ ಖರ್ಚು ಹಿಡಿತದಲ್ಲಿರುತ್ತದೆ, ಇಬ್ಬರೇ ಹೋದರೆ ಪುಟ್ಟ ಪುಟ್ಟ ತಟ್ಟೆಗಳೇ ಸೇರಿ ಬಿಲ್ಲು ಬೆಳೆಯುತ್ತದೆ. ಸೂಪ್ ತುಂಬಿದ ಡಂಪ್ಲಿಂಗ್‌ಗೆ ಹೆಸರಾದ ದೊಡ್ಡ ಹೋಟೆಲುಗಳೂ ಹಾಗೆಯೇ. ರುಚಿ ಇದೆ, ಅಗ್ಗವಲ್ಲ.

ಸಸ್ಯಾಹಾರಿಗಳು ಮಾಡಬೇಕಾದದ್ದು

ಪಟ್ಟಿಯಲ್ಲಿ ತರಕಾರಿ ಎಂದು ಬರೆದಿದ್ದರೆ ಅದು ಸಸ್ಯಾಹಾರ ಎಂದುಕೊಳ್ಳಬೇಡಿ. ಹಸಿರು ಸೊಪ್ಪಿನ ಮೇಲೆ ಆಯ್ಸ್ಟರ್ ಸಾಸ್ ಇರುತ್ತದೆ, ಅದು ಸಿಂಪಿಯಿಂದ ಮಾಡಿದ್ದು. ಮಾಪೋ ತೋಫು ಎಂಬ ಖಾರದ ಸೋಯಾ ಪನೀರಿನ ಪದಾರ್ಥದಲ್ಲಿ ಸಾಮಾನ್ಯವಾಗಿ ಮಾಂಸದ ಕೈಮಾ ಇರುತ್ತದೆ, ಹುರಿದ ಹುರುಳಿಕಾಯಿಯಲ್ಲೂ ಇರಬಹುದು. ತರಕಾರಿ ಸೂಪಿನ ತಳದಲ್ಲಿ ಕೋಳಿಯ ಸಾರು ಇರಬಹುದು. ತರಕಾರಿ ಡಂಪ್ಲಿಂಗ್‌ನಲ್ಲಿ ಮೊಟ್ಟೆ ಇರಬಹುದು, ಮಾಂಸದ ಡಂಪ್ಲಿಂಗ್ ಕರಿದ ಬಾಣಲೆಯಲ್ಲೇ ಅದನ್ನೂ ಕರಿದಿರಬಹುದು.

ಅಂಗಡಿಯವರು ನಮ್ಮನ್ನು ಮೋಸಗೊಳಿಸುತ್ತಿದ್ದಾರೆಂದಲ್ಲ. ಅವರ ಅಡುಗೆಯಲ್ಲಿ ಸ್ವಲ್ಪ ಮಾಂಸ ಸೊಪ್ಪಿಗೆ ರುಚಿ ಕೊಡುವ ಪದಾರ್ಥ. ಹಾಗಾಗಿ ನಾನು ಮಾಂಸ ತಿನ್ನುವುದಿಲ್ಲ ಎಂದಷ್ಟೇ ಹೇಳಿದರೆ ಸಾಲದು. ಮನೆಯಿಂದ ಹೊರಡುವ ಮುನ್ನವೇ ಮೊಬೈಲಿನ ಅನುವಾದ ಆ್ಯಪ್‌ನಲ್ಲಿ ಹೀಗೆ ಬರೆದು ಚೀನೀ ಲಿಪಿಯಲ್ಲಿ ಉಳಿಸಿಕೊಳ್ಳಿ: "ನಾನು ಸಸ್ಯಾಹಾರಿ. ಮಾಂಸ, ಕೋಳಿ, ಮೀನು, ಸಿಗಡಿ, ಆಯ್ಸ್ಟರ್ ಸಾಸ್, ಕೋಳಿ ಪುಡಿ, ಮಾಂಸದ ಸಾರು, ಹಂದಿಯ ಕೊಬ್ಬು ಯಾವುದೂ ಬೇಡ." ಮೊಟ್ಟೆ ತಿನ್ನದವರು ಅದನ್ನೂ ಸೇರಿಸಿ. ಅಕ್ಷರ ದೊಡ್ಡದಾಗಿ ಕಾಣುವಂತೆ ಪರದೆಯ ಚಿತ್ರ ತೆಗೆದಿಟ್ಟುಕೊಂಡರೆ ಕೌಂಟರಿನಲ್ಲಿ ತೋರಿಸಲು ಸುಲಭ. ಸಾಲು ಉದ್ದ ಇರುವಾಗ ಯಾರಿಗೂ ವಿವರಣೆ ಕೇಳುವ ಪುರುಸೊತ್ತು ಇರುವುದಿಲ್ಲ. ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಹೋದರೆ ನಿಂತು ಓದಿ, ಒಳಗೆ ಹೋಗಿ ಕೇಳಿಕೊಂಡು ಬಂದು ಉತ್ತರಿಸುತ್ತಾರೆ.

ಕಟ್ಟುನಿಟ್ಟಿನವರಿಗೆ, ಪಾತ್ರೆಯೂ ಬೇರೆ ಇರಬೇಕು ಎನ್ನುವವರಿಗೆ ನನ್ನ ಸಲಹೆ ಒಂದೇ: ಸಸ್ಯಾಹಾರಿ ಹೋಟೆಲಿಗೇ ಹೋಗಿ. ಮಾಟ್ ಬೀದಿಯಲ್ಲಿ ಬುದ್ಧ ಬೋದೈ, ಮಲ್ಬೆರಿ ಬೀದಿಯಲ್ಲಿ ಬೋಧಿ ಕೋಷರ್ ವೆಜಿಟೇರಿಯನ್ ಇವೆ. ಪಟ್ಟಿಯಲ್ಲಿ ಬಾತುಕೋಳಿ, ಹಂದಿ, ಸಿಗಡಿ ಹೆಸರುಗಳನ್ನು ನೋಡಿ ಹೆದರಬೇಡಿ. ಸೋಯಾ, ಗೋಧಿಯ ಅಂಟು, ಅಣಬೆಗಳಿಂದ ಮಾಡಿದ ರೂಪಗಳವು. ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದೊಯ್ಯುವಾಗ ಇದನ್ನು ಮೊದಲೇ ಹೇಳಿಬಿಡಿ. ಇಲ್ಲವಾದರೆ ತಟ್ಟೆ ನೋಡಿದ ಕೂಡಲೇ ಅವರು ಕೈ ಹಿಂದೆಗೆಯುತ್ತಾರೆ. ಆ ರೂಪಗಳೇ ಇಷ್ಟವಾಗದಿದ್ದರೆ ತೋಫು, ಬದನೆ, ಅಣಬೆಯ ಪದಾರ್ಥಗಳನ್ನು ಆರಿಸಿ. ವಾರದ ದಿನಗಳ ಮಧ್ಯಾಹ್ನದ ದರ ಇದ್ದರೆ ಅದನ್ನೇ ಹಿಡಿಯಿರಿ.

ಈರುಳ್ಳಿ, ಬೆಳ್ಳುಳ್ಳಿ ತಿನ್ನದ ಜೈನರಿಗೂ ಮಡಿವಂತರಿಗೂ ಇಂತಹ ಹೋಟೆಲುಗಳಲ್ಲಿ ಅರ್ಥಮಾಡಿಕೊಳ್ಳುವವರು ಸಿಗುತ್ತಾರೆ. ಚೀನೀ ಬೌದ್ಧರ ಸಂಪ್ರದಾಯದಲ್ಲೂ ಐದು ಘಾಟು ಪದಾರ್ಥಗಳು ನಿಷಿದ್ಧ: ಬೆಳ್ಳುಳ್ಳಿ, ಈರುಳ್ಳಿಯ ಜಾತಿಯವು ಎಲ್ಲ ಅದರಲ್ಲಿ ಬರುತ್ತವೆ. ಅವರ ಹಳೆಯ ಪಟ್ಟಿಯಲ್ಲಿ ನಮ್ಮ ಇಂಗೂ ಇದೆ ಎಂಬುದು ಸಾರಿಗೆ ಇಂಗು ಹಾಕಿ ಬೆಳೆದ ನನಗೆ ಇನ್ನೂ ಅಚ್ಚರಿ. ಆದರೂ ಹೋಟೆಲಿನಲ್ಲಿ ಕೇಳಿಯೇ ತರಿಸಿ.

ಇನ್ನೊಂದು ಉಪಯುಕ್ತ ಸಂಗತಿ. ಚೀನೀ ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಅನೇಕ ಬೌದ್ಧರು ಸಸ್ಯಾಹಾರ ಮಾಡುತ್ತಾರೆ. ಅಂದರೆ ನಮ್ಮ ಕ್ಯಾಲೆಂಡರಿನ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು. ಆ ದಿನಗಳಲ್ಲಿ ಸಸ್ಯಾಹಾರಿ ಹೋಟೆಲುಗಳಲ್ಲಿ ಜನ ಹೆಚ್ಚು. ಬೇಗ ಹೋಗಿ.

ಸಿಹಿ ಮತ್ತು ಸಂತೆ

ಡಿವಿಷನ್ ಬೀದಿಯ ಫಾಂಗ್ ಆನ್‌ಗೆ ಹೋಗದೆ ಹಿಂದಿರುಗಬೇಡಿ. 1933ರಲ್ಲಿ ಶುರುವಾದ ಕುಟುಂಬದ ತೋಫು ಅಂಗಡಿ 2017ರಲ್ಲಿ ಮುಚ್ಚಿತು. ಅದೇ ಮನೆತನದ ಮುಂದಿನ ತಲೆಮಾರಿನವರು 2019ರಲ್ಲಿ ಮತ್ತೆ ತೆರೆದರು. ಗಟ್ಟಿಯಾಗುವ ಮೊದಲಿನ ಮೆತ್ತನೆಯ ತೋಫುವಿನ ಮೇಲೆ ಸಕ್ಕರೆ ಪಾಕ ಹೊಯ್ದು ಕೊಡುತ್ತಾರೆ. ಹಾಲಿಲ್ಲ, ಮೊಟ್ಟೆಯಿಲ್ಲ. ಚಮಚದ ತುದಿಯಲ್ಲಿ ನಡುಗುವ ಆ ಬಿಳಿ ಹೋಳು ಬಾಯಿಗಿಟ್ಟರೆ ಅಗಿಯುವ ಕೆಲಸವೇ ಇಲ್ಲ.

ಅಲ್ಲಿಂದ ಹತ್ತಿರದಲ್ಲೇ, ಮ್ಯಾನ್‌ಹ್ಯಾಟನ್ ಸೇತುವೆಯ ಬದಿಗೆ ಫಾರ್ಸೈತ್ ಬೀದಿಯಲ್ಲಿ ತರಕಾರಿ, ಹಣ್ಣಿನ ಅಂಗಡಿಗಳ ಸಾಲು ಇದೆ. ಹಾಗಲಕಾಯಿ, ಹೀರೆಕಾಯಿ, ಎಳೆ ಸೊಪ್ಪುಗಳು ಸೂಪರ್ ಮಾರ್ಕೆಟ್ಟಿಗಿಂತ ಎಷ್ಟೋ ಕಡಿಮೆ ದರಕ್ಕೆ ಸಿಗುತ್ತವೆ. ದರ ಪೌಂಡಿನ ಲೆಕ್ಕದಲ್ಲಿರುತ್ತದೆ. ಒಂದು ಪೌಂಡ್ ಎಂದರೆ ಸುಮಾರು 450 ಗ್ರಾಂ.

ಮನೆಗೆ ಒಯ್ಯಬೇಕಾದ ಚೀಲ

ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಓದಬೇಕು. ಡಂಪ್ಲಿಂಗ್ ಅಂಗಡಿಗಳಲ್ಲಿ ಹೆಚ್ಚಿನವು ಹಸಿ ಡಂಪ್ಲಿಂಗ್‌ಗಳನ್ನು ಹೆಪ್ಪುಗಟ್ಟಿಸಿ, ಐವತ್ತರ ಲೆಕ್ಕದಲ್ಲಿ ಚೀಲಕ್ಕೆ ತುಂಬಿ ಮಾರುತ್ತವೆ. ಬೇಯಿಸಿ ಕೊಡುವ ದರಕ್ಕಿಂತ ಒಂದೊಂದರ ಬೆಲೆ ಸಾಕಷ್ಟು ಕಡಿಮೆ ಬೀಳುತ್ತದೆ. ಎಲ್ಡ್ರಿಜ್ ಬೀದಿಯ ವನೆಸ್ಸಾಸ್ ಡಂಪ್ಲಿಂಗ್ ಹೌಸ್‌ನಂತಹ ಕಡೆ ಮಾಂಸದ್ದೂ ತರಕಾರಿಯದ್ದೂ ಸಿಗುತ್ತವೆ. ಕೊಳ್ಳುವುದನ್ನು ಕೊನೆಯ ಕೆಲಸವಾಗಿ ಇಟ್ಟುಕೊಳ್ಳಿ, ದಪ್ಪ ಚೀಲ ಮತ್ತು ಹಳೆಯ ಟವೆಲ್ ಜೊತೆಗಿರಲಿ. ಬೇಸಿಗೆಯಲ್ಲಿ ನ್ಯೂಜೆರ್ಸಿಯ ಎಡಿಸನ್‌ವರೆಗೆ ರೈಲಿನಲ್ಲಿ ಹೋಗಬೇಕಾದರೆ ಐಸ್ ಪ್ಯಾಕ್ ಇರುವ ಚೀಲವೇ ಬೇಕು. ಕರಗಿದರೆ ಎಲ್ಲ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ.

ಬೇಯಿಸುವಾಗ ಕರಗಲು ಬಿಡಬೇಡಿ, ಫ್ರೀಜರಿನಿಂದ ತೆಗೆದು ನೇರವಾಗಿ ಕುದಿಯುವ ನೀರಿಗೆ ಹಾಕಿ. ತಳ ಹಿಡಿಯದಂತೆ ಒಮ್ಮೆ ಸೌಟಿನ ಹಿಂಬದಿಯಿಂದ ಮೆಲ್ಲಗೆ ಸರಿಸಿ. ನೀರು ಮತ್ತೆ ಉಕ್ಕಿ ಬಂದಾಗ ಒಂದು ಲೋಟ ತಣ್ಣೀರು ಹಾಕಿ. ಹೀಗೆ ಮೂರು ಸಲ. ಮೂರನೆಯ ಕುದಿಗೆ ಡಂಪ್ಲಿಂಗ್‌ಗಳೆಲ್ಲ ಮೇಲೆ ತೇಲಿ, ಹೊದಿಕೆ ಅರೆಪಾರದರ್ಶಕವಾಗುತ್ತದೆ. ಮಾಂಸದ್ದಾದರೆ ಒಂದನ್ನು ಕತ್ತರಿಸಿ ಒಳಗೆ ಪೂರ್ತಿ ಬೆಂದಿದೆಯೇ ಎಂದು ನೋಡಿಕೊಂಡು ಬಸಿಯಿರಿ. ಸೋಯಾ ಸಾಸ್, ಕಪ್ಪು ವಿನೆಗರ್ ಸಮ ಪ್ರಮಾಣ, ಮೇಲೊಂದು ಚಮಚ ಮೆಣಸಿನ ಎಣ್ಣೆ ಇದ್ದರೆ ಸಾಕು. ಈ ಕಪ್ಪು ವಿನೆಗರ್ ಚೈನಾಟೌನ್‌ನ ದಿನಸಿ ಅಂಗಡಿಗಳಲ್ಲಿ ಕೆಲವೇ ಡಾಲರಿಗೆ ಸಿಗುತ್ತದೆ, ಅದೇ ಚೀಲದಲ್ಲಿ ಒಂದು ಬಾಟಲಿ ತಂದುಬಿಡಿ.